ಮಾವನ ಡಿಸ್ಚಾರ್ಜ್ ಹತ್ರ ಬಂತು, ಮನೆಯಲ್ಲಿ ನೋಡ್ಕೊಳ್ಳೋದು ನಾನು. ಹೊರಡೋ ಮುಂಚೆ ಸಿಸ್ಟರ್ ಹತ್ರ ಏನೇನು ಕಲಿಯಬೇಕು?

ಪಾಂಡವಪುರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ. ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿಲ್ಲ. ಬಲಗಾಲಿನ ಕಿರುಬೆರಳು ಕಪ್ಪಾದ ಮೇಲೆ ಮೈಸೂರಿಗೆ ಕರ್ಕೊಂಡು ಬಂದ್ವಿ, ಬೆರಳು ತೆಗೆದಿದ್ದಾರೆ. ಮಾತ್ರೆ ಜೊತೆಗೆ ಹೊಸದಾಗಿ ಎರಡು ಹೊತ್ತು ಇನ್ಸುಲಿನ್ ಬರೆದಿದ್ದಾರೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್.

ಡಾಕ್ಟರ್ ರೌಂಡ್ಸಿಗೆ ಬಂದಾಗ ಹೇಳಿದ್ದೆಲ್ಲ ನಮ್ಮ ಯಜಮಾನರಿಗೆ. ಅವರು ಭಾನುವಾರ ರಾತ್ರಿ ಬೆಂಗಳೂರಿಗೆ ಕೆಲಸಕ್ಕೆ ವಾಪಸ್ ಹೋಗ್ತಾರೆ. ಸೂಜಿ ಹಾಕೋದು, ಅಡುಗೆ ಮಾಡೋದು, ಗಾಯ ನೋಡೋದು ಎಲ್ಲ ನನ್ನ ಪಾಲಿಗೆ. ಚೀಟಿ ಇಂಗ್ಲಿಷಿನಲ್ಲಿದೆ. ನನಗೆ ಓದೋಕೆ ಬರುತ್ತೆ, ಆದರೆ ಓದಿದ ಮಾತ್ರಕ್ಕೆ ಸೂಜಿ ಹಾಕೋ ಧೈರ್ಯ ಬರಲ್ಲ.

ಊರಿಂದ ನೋಡೋಕೆ ಬಂದೋರು ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಬೇಳೆ ಕೊಟ್ರೆ ಕೀವಾಗುತ್ತೆ, ಮೊಟ್ಟೆ ನಂಜು, ಅನ್ನ ಬಿಡಿಸಿ ಮುದ್ದೆ ಕೊಡು, ಎಷ್ಟು ತಿಂದ್ರೂ ಸಕ್ಕರೆ ಏರಲ್ಲ ಅಂತ. ನಮ್ಮ ಅತ್ತೆ ಎಲ್ಲದಕ್ಕೂ ಹೂಂ ಅಂತಿದ್ದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್, ಮೈಸೂರು

ತಂಗಿ, ನೀವು ಕೇಳಿದ್ದು ಬಹಳ ಒಳ್ಳೇದಾಯ್ತು. ನಾನು ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡೋಳು. ಮೊದಲನೇ ಮಾತು: ಮನೆಯಲ್ಲಿ ಯಾರ ಕೈ ಆ ಕೆಲಸ ಮಾಡುತ್ತೋ ಆ ಕೈಗೇ ಆಸ್ಪತ್ರೆಯಲ್ಲಿ ಕಲಿಸಬೇಕು. ಮಗನಿಗೆ ಹೇಳಿ, ಸಹಿ ಹಾಕಿಸಿ ಕಳಿಸಿದ್ರೆ ಸೊಸೆಗೆ ಸೂಜಿ ಹಾಕೋಕೆ ಬರಲ್ಲ. ಇವತ್ತೇ ಸಿಸ್ಟರ್ ಹತ್ರ ಹೋಗಿ, "ಮನೆಯಲ್ಲಿ ಹಾಕೋದು ನಾನು, ಸಂಜೆ ಡೋಸ್ ನಿಮ್ಮ ಎದುರಿಗೆ ನಾನೇ ಹಾಕ್ತೀನಿ, ನೋಡಿ" ಅನ್ನಿ. ಬೇಡ ಅನ್ನೋ ಸಿಸ್ಟರನ್ನ ನಾನು ನೋಡಿಲ್ಲ. ನಾಳೆ ಬೆಳಿಗ್ಗೆ ಡೋಸನ್ನೂ ನೀವೇ ಹಾಕಿ. ಮನೆಗೆ ಹೋಗೋ ಹೊತ್ತಿಗೆ ಕೈ ನಡುಕ ಹೋಗಿರುತ್ತೆ.

ಇನ್ಸುಲಿನ್ ವಿಷಯದಲ್ಲಿ ಜೀವಕ್ಕೆ ಕುತ್ತು ತರೋದು ಒಂದಿದೆ, ಅದನ್ನ ಬಿಡಿಸಿ ಹೇಳ್ತೀನಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಗಾಜಿನ ಬಾಟ್ಲಿಯಲ್ಲಿ ಒಂದು ಮಿಲಿಗೆ 40 ಯೂನಿಟ್ ಇರುತ್ತೆ. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜು. ಇನ್ಸುಲಿನ್ ಪೆನ್ನಿಗೆ (ಪೆನ್ನಿನ ಹಾಗಿರೋ ಸೂಜಿ ಸಾಧನ) ಹಾಕೋ ಕಾರ್ಟ್ರಿಜ್‌ನಲ್ಲಿ ಮಿಲಿಗೆ 100 ಯೂನಿಟ್. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಮೆಡಿಕಲ್ ಸ್ಟೋರಿನಲ್ಲಿ "ಇನ್ಸುಲಿನ್ ಸಿರಿಂಜು ಕೊಡಿ" ಅಂದ್ರೆ ಯಾವುದು ಕೈಗೆ ಸಿಕ್ತೋ ಅದನ್ನ ಕೊಡಬಹುದು. 40ರ ಬಾಟ್ಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದ್ರೆ ಮೈಗೆ ಹೋಗೋದು 8 ಯೂನಿಟ್ ಅಷ್ಟೇ. ಸಕ್ಕರೆ ಇಳಿಯಲ್ಲ, ಗಾಯ ಒಣಗಲ್ಲ, ಯಾಕೆ ಅಂತ ಯಾರಿಗೂ ಹೊಳೆಯಲ್ಲ. ಅದೇ ಪೆನ್ನಿನ ಕಾರ್ಟ್ರಿಜ್‌ನಿಂದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದ್ರೆ 50 ಯೂನಿಟ್, ಅಂದ್ರೆ ಎರಡೂವರೆ ಪಟ್ಟು. ಆ ರಾತ್ರಿ ಮನುಷ್ಯ ಏಳದೇ ಹೋಗಬಹುದು. ಬಾಟ್ಲಿ ಮೇಲೆ 40 ಇದ್ರೆ ಸಿರಿಂಜಿನ ಮೇಲೂ 40 ಇರಬೇಕು. ಎರಡನ್ನೂ ಅಕ್ಕಪಕ್ಕ ಹಿಡಿದು ಪ್ರತಿ ಸಲ ಓದಿ. ಕಾರ್ಟ್ರಿಜ್‌ಗೆ ಸಿರಿಂಜು ಚುಚ್ಚಿ ಔಷಧಿ ತೆಗೆಯೋದು ಬೇಡವೇ ಬೇಡ.

ನಿಮಗೆ ಬರೆದಿರೋದು 30/70 ಅನ್ನೋ ಬೆಳ್ಳಗಿನ ಔಷಧಿ ಆಗಿದ್ರೆ, ಬಾಟ್ಲಿಯನ್ನ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ ಒಂದೇ ಸಮ ಬೆರೆಸಬೇಕು, ಕುಲುಕಬಾರದು. ಹಾಕಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆ ಬಿಟ್ಟು ಊಟ. ಕೆಲವು ಬ್ರ್ಯಾಂಡಿಗೆ ಹಾಕಿದ ತಕ್ಷಣ ಊಟ. ನಿಮ್ಮದು ಯಾವುದು ಅಂತ ಕೇಳಿ ಚೀಟಿ ಮೇಲೆ ಕನ್ನಡದಲ್ಲಿ ಬರೆಸ್ಕೊಳ್ಳಿ. ಹೊಟ್ಟೆ ಮೇಲೆ ಹೊಕ್ಕಳಿಂದ ಎರಡು ಇಂಚು ಬಿಟ್ಟು ಹಾಕಿ, ದಿನಾ ಜಾಗ ಸ್ವಲ್ಪ ಸ್ವಲ್ಪ ಬದಲಾಯಿಸಿ. ಒಂದೇ ಕಡೆ ಚುಚ್ತಾ ಇದ್ರೆ ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ರಕ್ತಕ್ಕೆ ಸೇರಲ್ಲ. ಆ ಗಂಟಿನ ಜಾಗದಲ್ಲಿ ನೋವು ಕಮ್ಮಿ ಅಂತ ಎಷ್ಟೋ ಜನ ಅಲ್ಲೇ ಹಾಕ್ಕೊಳ್ತಾರೆ, ಅದನ್ನ ಬಿಡಿಸಬೇಕು.

ಸಕ್ಕರೆ ಇಳಿದಾಗ ಏನು ಮಾಡಬೇಕು ಅನ್ನೋದು ಮನೆಯಲ್ಲಿ ಎಲ್ಲರಿಗೂ, ಶಾಲೆಗೆ ಹೋಗೋ ಮಕ್ಕಳಿಗೂ ಗೊತ್ತಿರಲಿ. ಬೆವರು, ಕೈ ನಡುಕ, ಎದೆ ಡವಡವ, ಇದ್ದಕ್ಕಿದ್ದಂತೆ ಸಿಟ್ಟು, ಅಸಂಬದ್ಧ ಮಾತು. ಮೀಟರಿನಲ್ಲಿ 70ಕ್ಕಿಂತ ಕಮ್ಮಿ ಇದ್ರೆ, ಮೀಟರ್ ಕೈಗೆ ಸಿಗದಿದ್ರೂ ಸರಿ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಂದು ಸಲ. ಸರಿಹೋದ ಮೇಲೆ ಊಟ ಕೊಡಿ. ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಹನಿ ನೀರೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಏಕಾದಶಿ, ಶನಿವಾರದ ಉಪವಾಸ ಇರೋರಾ ನಿಮ್ಮ ಮಾವ? ಹಾಗಿದ್ರೆ ಅದನ್ನ ಡಾಕ್ಟರಿಗೆ ಈಗಲೇ ಹೇಳಿ. ಜ್ವರ ವಾಂತಿ ಬಂದು ಊಟ ಸೇರದ ದಿನ ಡೋಸ್ ಎಷ್ಟು ಅನ್ನೋದನ್ನೂ ಬರೆಸ್ಕೊಂಡು ಹೋಗಿ.

ನಾಲೆ ಬಯಲು

ಸಿಸ್ಟರೇ, ನಂಗೂ ಸುಗರ್ ಅದೆ. ನಾನು ಗದ್ದೆ ಕೆಲ್ಸ ಬಿಡಾಕಾಯ್ತದಾ? ವಿಸಿ ನಾಲೆಲಿ ನೀರು ಬಿಟ್ರೆ ನಾಟಿ ಟೈಮು, ಕೆಸರಲ್ಲೇ ನಿಂತಿರ್ಬೇಕು. ಚಪ್ಲಿ ಹಾಕಂಡು ಕೆಸರು ತುಳಿಯಾದು ಹೆಂಗೆ? ಡಾಕ್ಟ್ರು ಬರಿಗಾಲಲ್ಲಿ ನಡೀಬೇಡ ಅಂದ್ಬುಟ್ಟು ಕಳಿಸ್ಬುಡ್ತಾರೆ. ನನ್ ಕಾಲಲ್ಲಿ ನೋವು ಗೀವು ಏನೂ ಇಲ್ಲ.

ವಾರ್ಡ್ ಸಿಸ್ಟರ್, ಮೈಸೂರು

ಅಣ್ಣಾ, ನೋವಿಲ್ಲ ಅನ್ನೋದೇ ನನಗೆ ಭಯ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ರೆ ಪಾದದ ನರ ಜೋಮು ಹಿಡಿದು ಸ್ಪರ್ಶ ಹೋಗುತ್ತೆ. ಮುಳ್ಳು ಚುಚ್ಚಿದ್ರೂ, ಬಿಸಿನೀರು ಸುಟ್ಟರೂ ತಿಳಿಯಲ್ಲ. ಕೂಳೆ ಚುಚ್ಚಿದ್ದು ಈ ತಂಗಿಯ ಮಾವನಿಗೆ ಗೊತ್ತಾಗಲಿಲ್ಲ ಅಂದ್ರಲ್ಲ, ಅದಕ್ಕೆ ಇದೇ ಕಾರಣ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿ ಥರದ ಕಾಯಿಲೆ ನೋಡೋ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ ಪಾದದ ಸ್ಪರ್ಶ ಪರೀಕ್ಷೆ ಮಾಡಿ ಅಂತ ಕೇಳಿ. ಮೊನೊಫಿಲಮೆಂಟ್ ಅಂತ ಸಣ್ಣ ನೈಲಾನ್ ಎಳೆ, ಅದನ್ನ ಪಾದದ ಬೇರೆ ಬೇರೆ ಕಡೆ ಒತ್ತಿ ಗೊತ್ತಾಗ್ತಿದೆಯಾ ಅಂತ ಕೇಳ್ತಾರೆ. ನೋವಿಲ್ಲ, ಐದು ನಿಮಿಷವೂ ಹಿಡಿಯಲ್ಲ.

ಸ್ಪರ್ಶ ಹೋಗಿದ್ರೆ ಅಥವಾ ಪಾದದ ಮೇಲೆ ಸಣ್ಣ ಗಾಯ ಇದ್ರೂ ಆ ಸಲ ಕೆಸರಿಗೆ ಇಳಿಯಬೇಡಿ, ನಾಟಿಗೆ ಆಳು ಹಿಡೀರಿ. ಖರ್ಚು ಅಂತ ಅನ್ನಿಸುತ್ತೆ, ಗೊತ್ತು. ಕಾಲು ಹೋದ್ರೆ ಆಗೋ ಖರ್ಚನ್ನ ನಾನು ವಾರ್ಡಿನಲ್ಲಿ ದಿನಾ ನೋಡ್ತೀನಿ. ಸ್ಪರ್ಶ ಇದೆ, ಗಾಯ ಇಲ್ಲ ಅಂದ್ರೆ ಮೊಣಕಾಲುದ್ದದ ಗಮ್ ಬೂಟ್ ಹಾಕಿ ಇಳೀರಿ. ಹಾಕೋ ಮುಂಚೆ ಒಳಗೆ ಕೈ ಆಡಿಸಿ ಕಲ್ಲು, ಮೊಳೆ ಇದೆಯಾ ನೋಡಿ. ಮನೆಗೆ ಬಂದ ಮೇಲೆ ಪಾದ ತೊಳೆದು ಬೆರಳ ಸಂದಿ ಒರೆಸಿ ಒಣಗಿಸಬೇಕು. ಪಾದದ ಅಡಿ ನೀವೇ ನೋಡೋಕೆ ಆಗಲ್ಲ, ಕನ್ನಡಿ ನೆಲಕ್ಕಿಟ್ಟು ನೋಡಿ, ಇಲ್ಲಾಂದ್ರೆ ಮಗಳ ಹತ್ರ ತೋರಿಸಿ. ಕೊಬ್ಬರಿ ಎಣ್ಣೆ ಪಾದಕ್ಕೆ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರು ನೇರಕ್ಕೆ ಕತ್ತರಿಸಿ. ಆಣಿಯನ್ನ ಬ್ಲೇಡಿನಲ್ಲಿ ಕೆತ್ತಬೇಡಿ, ಕಾರ್ನ್ ಪ್ಲಾಸ್ಟರೂ ಬೇಡ. ಮೆತ್ತನೆ ಅಡಿಯ ಎಂಸಿಆರ್ ಚಪ್ಪಲಿ, ಹಿಂದೆ ಪಟ್ಟಿ ಇರೋದು, ಮನೆ ಒಳಗೂ ಹಾಕ್ಕೊಳ್ಳಿ.

ದೇವಸ್ಥಾನದ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಮಧ್ಯಾಹ್ನ ಬಿಸಿಲಲ್ಲಿ ಮೇಲುಕೋಟೆಯ ಕಲ್ಲು ಚಪ್ಪಡಿ ಮೇಲೆ, ಚಾಮುಂಡಿ ಬೆಟ್ಟದಲ್ಲಿ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆ ಎದ್ದು ಬರೋರಿದ್ದಾರೆ. ಬಿಸಿ ಅವರಿಗೆ ತಿಳಿದೇ ಇರಲ್ಲ. ಬೆಳಗ್ಗೆ ಬೇಗ ಹೋಗಿ, ದಪ್ಪ ಹತ್ತಿ ಕಾಲುಚೀಲ ಹಾಕ್ಕೊಂಡು ಪ್ರದಕ್ಷಿಣೆ ಮಾಡಿ.

ಬೀಡಿ ಸೇದ್ತೀರಾ? ಸೇದೋದಾದ್ರೆ ಮಿಕ್ಕಿದ್ದೆಲ್ಲ ಮಾಡಿಯೂ ಅರ್ಧ ಪ್ರಯೋಜನ. ಪಾದಕ್ಕೆ ಹೋಗೋ ರಕ್ತನಾಳ ಅದರಿಂದ ಇನ್ನೂ ಬೇಗ ಕಟ್ಟಿಕೊಳ್ಳುತ್ತೆ.

ನಾಲೆ ಬಯಲು

ಬೀಡಿ ಅದೆ ಸಿಸ್ಟರ್. ಸುಳ್ಳೇಳಲ್ಲ. ಬಿಡೂಕೆ ನೋಡ್ತೀನಿ. ಸೋಮ್ವಾರ ಕಾಲು ತೋರಿಸ್ಕಬತ್ತೀನಿ.

ಹೆಬ್ಬಾಳ ಕೈಗಾರಿಕಾ ಪ್ರದೇಶ

ಇಲ್ಲಿ ಹೇಳ್ತಿರೋದೆಲ್ಲ ಸರಿ. ಆದರೆ ಸಿಸ್ಟರ್, ಇಷ್ಟೆಲ್ಲ ಯಾವ ಆಸ್ಪತ್ರೆಯಲ್ಲಿ ಯಾರು ಹೇಳ್ತಾರೆ? ನಮ್ಮ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆದಾಗ ಒಂದು ಮಾತ್ರೆ ಕವರ್ ಕೈಗಿಟ್ಟು, "ಭಾರ ಎತ್ತಬೇಡಿ, ವಾರ ಬಿಟ್ಟು ಬನ್ನಿ" ಅಂದ್ರು. ಎಷ್ಟು ಭಾರ, ಎಷ್ಟು ದಿನ, ಸ್ನಾನ ಮಾಡಬಹುದಾ, ಕೆಮ್ಮು ಬಂದ್ರೆ ಏನು ಮಾಡೋದು, ಒಂದೂ ಹೇಳಲಿಲ್ಲ. ವಾರ್ಡ್ ತುಂಬ ಜನ, ಇಬ್ಬರು ನರ್ಸ್. ಅವರನ್ನ ದೂರೋಕೂ ಮನಸ್ಸು ಬರಲ್ಲ.

ನಿವೃತ್ತ ಶುಶ್ರೂಷಕಿ, ಸರಸ್ವತಿಪುರಂ

ನಿಮ್ಮ ಮಾತು ನಿಜ. ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಜನ ಕಡಿಮೆ, ಕೆಲಸ ಹೆಚ್ಚು. ಇಂಜೆಕ್ಷನ್ ಕೊಟ್ಟಿದ್ದಕ್ಕೆ ದಾಖಲೆ ಇರುತ್ತದೆ, ಕಲಿಸಿದ್ದಕ್ಕೆ ಇರುವುದಿಲ್ಲ, ಹಾಗಾಗಿ ಒತ್ತಡ ಬಂದಾಗ ಮೊದಲು ಬಿಟ್ಟುಹೋಗುವುದು ಕಲಿಸುವ ಕೆಲಸವೇ. ಹಾಗೆ ಆಗಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳದೆ ಅದೇ ರೋಗಿ ಮತ್ತೆ ಅದೇ ಹಾಸಿಗೆಗೆ ಬಂದರೆ ನಮ್ಮ ಹೊರೆಯೇ ಹೆಚ್ಚಾಗುತ್ತದೆ.

ಸಮಯ ಇಲ್ಲದಾಗ ನಾವು ಮಾಡುತ್ತಿದ್ದ ಉಪಾಯ ಇದು. ಡಿಸ್ಚಾರ್ಜ್ ದಿನಕ್ಕೆ ಕಾಯುತ್ತಿರಲಿಲ್ಲ. ಆ ದಿನ ಬಿಲ್ಲು, ಆಟೋ, ಬಸ್ಸಿನ ಗಡಿಬಿಡಿಯಲ್ಲಿ ಯಾರ ತಲೆಗೂ ಏನೂ ಹೋಗುವುದಿಲ್ಲ. ಮೊದಲ ದಿನದಿಂದಲೇ ಡ್ರೆಸ್ಸಿಂಗ್ ಮಾಡುವಾಗ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈ ಕೆಲಸ ಮಾಡುತ್ತಿದ್ದ ಹಾಗೇ ಬಾಯಲ್ಲಿ ಹೇಳುತ್ತಿದ್ದೆವು. ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಬಾರದು. ಅರ್ಥ ಆಗದಿದ್ದರೂ ನಮ್ಮ ಜನ ಮರ್ಯಾದೆಗೆ ಹೂಂ ಎನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನಾ ನೋಡೋಣ ತಾಯಿ, ಮನೆಗೆ ಹೋಗಿ ಹೇಗೆ ಮಾಡ್ತೀರಿ ಒಂದ್ಸಲ ತೋರಿಸಿ" ಎನ್ನಬೇಕು. ತೋರಿಸುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತ್ರ ತಿದ್ದಿದರೆ ಸಾಕು.

ಹರ್ನಿಯಾ ಬಗ್ಗೆ: ಕೆಮ್ಮು, ಸೀನು ಬಂದಾಗ ಗಾಯದ ಮೇಲೆ ಒಂದು ದಿಂಬು ಅಥವಾ ಮಡಿಸಿದ ಟವೆಲ್ ಒತ್ತಿ ಹಿಡಿದು ಕೆಮ್ಮಬೇಕು. ಮಲಬದ್ಧತೆ ಆಗದಂತೆ ಸೊಪ್ಪು, ನೀರು. ಮುಕ್ಕಿದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಆಪರೇಷನ್ ಆಯಿತೆಂದು ಮಲಗಿಯೇ ಇರಬಾರದು, ಮನೆಯೊಳಗೆ ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದು ಮೀನಖಂಡ ಮಾತ್ರ ಊದಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಭಾರ ಎಂದರೆ ನೀರು ತುಂಬಿದ ಕೊಡ, ಗೊಬ್ಬರದ ಮೂಟೆ, ಮೊಮ್ಮಗ ಎಲ್ಲವೂ ಸೇರಿತು. ಎಷ್ಟು ವಾರ ಎಂಬುದು ಆಪರೇಷನ್ ಮಾಡಿದ ರೀತಿಯ ಮೇಲೆ ಹೋಗುತ್ತದೆ, ಸರ್ಜನ್ ಅವರನ್ನೇ ಕೇಳಿ.

ಪಾಂಡವಪುರದ ಸೊಸೆ

ಸಂಜೆ ಡೋಸ್ ನಾನೇ ಹಾಕಿದೆ. ಸಿಸ್ಟರ್ ಪಕ್ಕದಲ್ಲೇ ನಿಂತಿದ್ರು. ಕೆಳಗೆ ಮೆಡಿಕಲಿನಲ್ಲಿ ಕೊಟ್ಟಿರೋ ಸಿರಿಂಜು ನೋಡಿದೆ, ಕೆಂಪು ಮುಚ್ಚಳವೇ ಇದೆ, ಬಾಟ್ಲಿ ಮೇಲೂ 40. ಬಹಳ ಸಮಾಧಾನ ಆಯ್ತು. ಈಗ ಊಟದ ವಿಷಯ ಹೇಳಿ. ಅತ್ತೆ ಬೇಳೆ, ಮೊಟ್ಟೆ, ಬದನೆಕಾಯಿ, ಕಡಲೆಕಾಯಿ ಎಲ್ಲ ಬಂದ್ ಮಾಡಿಸಿದ್ದಾರೆ. ರಸ ಅನ್ನ ಅಷ್ಟೇ. ಎದುರು ಮಾತಾಡೋಕೂ ಆಗಲ್ಲ, ಅವರೂ ಒಳ್ಳೇದಕ್ಕೇ ಹೇಳ್ತಿರೋದು.

ಅರಕೆರೆ ಗೌಡ್ರು

ನಂಜು ಅಂತ ಹಿರೀಕರು ಸುಮ್ನೆ ಹೇಳಿಲ್ಲ. ಬದನೆಕಾಯಿ ತಿಂದು ಮೈ ಕೆರೆತ ಬಂದಿರೋದನ್ನ ನಾನೇ ಕಂಡಿದ್ದೀನಿ. ಗಾಯ ಇರೋನಿಗೆ ಅವರೆಕಾಳು ಕೊಟ್ರೆ ಕೀವಾಗ್ದೆ ಇರ್ತದಾ? ಎಲ್ಲಾನೂ ಮೂಢನಂಬಿಕೆ ಅನ್ಬೇಡಿ.

ನಿವೃತ್ತ ಶುಶ್ರೂಷಕಿ, ಸರಸ್ವತಿಪುರಂ

ಗೌಡ್ರೇ, ಹಿರಿಯರ ಮಾತನ್ನು ತಳ್ಳಿಹಾಕುವುದಿಲ್ಲ. ಕೆಲವರ ಮೈಗೆ ಬದನೆಕಾಯಿ ಆಗುವುದಿಲ್ಲ, ಕೆರೆತ ಬರುತ್ತದೆ. ಅಂಥವರು ಬದನೆಕಾಯಿ ಬಿಡಲಿ. ಆದರೆ ಕೀವಾಗುವುದು ಗಾಯದೊಳಗೆ ರೋಗಾಣು ಸೇರಿ. ಬೇಳೆ ತಿಂದು ಆಗುವುದಲ್ಲ. ಹೊಸ ಮಾಂಸ ಬೆಳೆಯಲು ಮೈಗೆ ಪ್ರೋಟೀನು ಬೇಕು. ನಮಗೆ ಅದು ಸಿಗುವುದು ಬೇಳೆ, ಕಾಳು, ಮೊಟ್ಟೆ, ಹಾಲು, ಮಾಂಸದಿಂದ. ಗೋಡೆ ಬಿದ್ದಾಗ ಇಟ್ಟಿಗೆ ತರಬೇಡ ಎಂದ ಹಾಗೆ, ಗಾಯವಾದಾಗಲೇ ಅದನ್ನೆಲ್ಲ ನಿಲ್ಲಿಸಿದರೆ ಗಾಯ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ರಸ ಅನ್ನದ ಮೇಲೆ ಇಟ್ಟ ರೋಗಿಗಳ ಗಾಯ ತೆಳ್ಳಗೆ ಬಿಳುಚಿಕೊಂಡಿರುವುದನ್ನು ಎಷ್ಟು ನೋಡಿದ್ದೇನೋ.

ಮಗು, ನಿಮ್ಮ ಅತ್ತೆಯ ಜೊತೆ ವಾದ ಬೇಡ. ನಾಳೆ ಡ್ರೆಸ್ಸಿಂಗ್ ಹೊತ್ತಿಗೆ ಅವರನ್ನೂ ಕರೆದುಕೊಂಡು ಹೋಗಿ ಸಿಸ್ಟರ್ ಅಥವಾ ಡಯಟಿಷಿಯನ್ ಬಾಯಿಂದಲೇ ಕೇಳಿಸಿ. ಅಡುಗೆಮನೆಯ ಯಜಮಾನಿ ಅವರಾದರೆ ಈ ವಿಷಯ ಅವರಿಗೇ ಹೇಳಬೇಕು. ಇನ್ನೊಂದು, ಮಾವನವರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ ಎಷ್ಟಿದೆ ಕೇಳಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿಗೂ ಪೆಟ್ಟು ಬಿದ್ದಿದ್ದರೆ ಬೇಳೆ, ಮೊಟ್ಟೆಯ ಅಳತೆಯನ್ನು ಡಾಕ್ಟರೇ ಹೇಳಬೇಕು.

ಮುದ್ದೆ ಕುರಿತು. ರಾಗಿ ಒಳ್ಳೆಯದು, ನಾರು ಇದೆ, ಸುಣ್ಣದ ಅಂಶ ಇದೆ. ಆದರೆ ಅದರಲ್ಲಿಯೂ ಪಿಷ್ಟವೇ ಹೆಚ್ಚು, ಅದೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಎರಡು ದೊಡ್ಡ ಮುದ್ದೆ ನುಂಗಿ ಸಕ್ಕರೆ ಏರದು ಎಂದರೆ ಏರದೇ ಇರುತ್ತದೆಯೇ? ಒಂದು ಸಣ್ಣ ಮುದ್ದೆ, ಜೊತೆಗೆ ಕಾಳು, ಸೊಪ್ಪು ಧಾರಾಳವಾಗಿರುವ ಉಪ್ಸಾರು ಅಥವಾ ಬಸ್ಸಾರು, ಒಂದು ಪಲ್ಯ. ಸಕ್ಕರೆ ಕಾಯಿಲೆಯವರಿಗೆ ನಮ್ಮ ಮಂಡ್ಯದ ಊಟದಷ್ಟು ಒಗ್ಗುವ ಊಟ ಇನ್ನೊಂದಿಲ್ಲ, ಅಳತೆಯಲ್ಲಿ ತಿಂದರೆ. ಬೆಲ್ಲದ ಕಾಫಿ ಪರವಾಗಿಲ್ಲ ಎನ್ನುವವರ ಮಾತು ಕೇಳಬೇಡಿ. ಆಲೆಮನೆಯಿಂದ ಬಂದ ಬೆಲ್ಲವೂ ಸಕ್ಕರೆಯಷ್ಟೇ ಏರಿಸುತ್ತದೆ.

ಮದ್ದೂರಿನಿಂದ

ಊಟದ ಮಾತು ಬಂತಲ್ಲ, ನಾನೊಂದು ಹೇಳಲೇಬೇಕು. ನನಗೆ ಡಯಾಲಿಸಿಸ್ ನಡೀತಿದೆ. ನಮ್ಮೂರು ಎಳನೀರಿನ ಊರು. ಆಸ್ಪತ್ರೆಗೆ ಯಾರೇ ನೋಡೋಕೆ ಬರಲಿ, ಕೈಯಲ್ಲಿ ಎಳನೀರು, ಬಾಳೆಹಣ್ಣು. ಪ್ರೀತಿಯಿಂದ ತರ್ತಾರೆ. ಆದರೆ ಕಿಡ್ನಿ ಕೆಟ್ಟವರಿಗೆ ಅದೇ ವಿಷ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ರಕ್ತದಲ್ಲಿ ಏರಿದ್ರೆ ಹೃದಯದ ಬಡಿತವೇ ನಿಂತುಹೋಗಬಹುದು ಅಂತ ನಮ್ಮ ಡಯಾಲಿಸಿಸ್ ಸಿಸ್ಟರ್ ಹೇಳಿಕೊಟ್ರು. ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಒಗ್ಗರಣೆ ಹಾಕಿ ಅಂದ್ರು. ಬಸಿದ ಕಟ್ಟಿನಲ್ಲೇ ಸಾರು ಮಾಡೋ ನಮಗೆ ಅದನ್ನ ಚೆಲ್ಲೋಕೆ ಮನಸ್ಸೇ ಬರ್ತಿರಲಿಲ್ಲ, ಈಗ ನಮ್ಮನೆಯೋಳಿಗೆ ರೂಢಿ ಆಗಿದೆ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈಯನ್ನೂ ಜೋಪಾನ ಮಾಡಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ವಾಚು, ಬಿಗಿ ಬಳೆ ಹಾಕಬಾರದು, ಅದರ ಮೇಲೆ ತಲೆಯಿಟ್ಟು ಮಲಗಬಾರದು. ದಿನಾ ಬೆಳಿಗ್ಗೆ ಬೆರಳಿಟ್ಟು ಗುಂಯ್ ಅನ್ನೋ ಕಂಪನ ಇದೆಯಾ ಅಂತ ನೋಡ್ಕೊಳ್ತೀನಿ. ಅದು ನಿಂತ್ರೆ ಅವತ್ತೇ ಹೋಗಬೇಕು, ಮಾರನೇ ದಿನ ಅಂತ ಕಾಯೋ ಹಾಗಿಲ್ಲ.

ಅಮ್ಮನ ಮಗ, ಕುವೆಂಪುನಗರ

ನಮ್ಮ ಅಮ್ಮನಿಗೆ ಹೃದಯದ ಪಂಪಿಂಗ್ ಕಮ್ಮಿ. ಮತ್ತೆ ಮತ್ತೆ ಕಾಲು ಊದಿ, ಉಸಿರು ಕಟ್ಟಿ ಅಡ್ಮಿಟ್ ಆಗ್ತಿದ್ರು. ಕೊನೇ ಸಲ ಒಬ್ಬ ಸಿಸ್ಟರ್ ಕೂತು ಹೇಳಿದ್ದು ಒಂದೇ ವಿಷಯ: ದಿನಾ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೀರಿ, ಮೂರು ದಿನದಲ್ಲಿ 2 ಕಿಲೋ ಏರಿದ್ರೆ ಕಾಲು ಊದೋವರೆಗೆ ಕಾಯದೆ ಫೋನ್ ಮಾಡಿ ಅಂತ. ಅಷ್ಟು ಬೇಗ ಏರೋದು ಕೊಬ್ಬಲ್ಲ, ಮೈಯಲ್ಲಿ ನಿಲ್ತಿರೋ ನೀರು. ಈಗ ತೂಕ ಏರಿದ ಕೂಡಲೇ ಡಾಕ್ಟರ್ ಮಾತ್ರೆ ಹೊಂದಿಸ್ತಾರೆ, ಅಡ್ಮಿಟ್ ಆಗೋದು ತಪ್ಪಿದೆ.

ಉಪ್ಪಿನ ವಿಷಯದಲ್ಲಿ ಅಮ್ಮ ಹಠ ಮಾಡ್ತಾರೆ. ಸಾರಿಗೆ ಉಪ್ಪು ಕಮ್ಮಿ ಮಾಡಿದ್ರೆ ಉಪ್ಪಿನಕಾಯಿ ಕೇಳ್ತಾರೆ. ಹಪ್ಪಳ, ಸಂಡಿಗೆ, ಬಾಳಕ ಎಲ್ಲದರಲ್ಲೂ ಅದೇ. ನಿಂಬೆಹುಳಿ, ಶುಂಠಿ, ಕೊತ್ತಂಬರಿ ಜಾಸ್ತಿ ಹಾಕಿ ಸರಿತೂಗಿಸ್ತಿದ್ದೀವಿ. ಉಪ್ಪಿನ ಬದಲಿ ಅಂತ ಅಂಗಡಿಯಲ್ಲಿ ಸಿಗೋ ಕಡಿಮೆ ಸೋಡಿಯಂ ಉಪ್ಪು ಕೊಡಬಹುದಾ?

ವಾರ್ಡ್ ಸಿಸ್ಟರ್, ಮೈಸೂರು

ಕೇಳದೆ ಕೊಡಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರ್ತಾರೆ. ಹೃದಯಕ್ಕೆ ಕೊಡೋ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸ್ತವೆ. ಎರಡೂ ಸೇರಿದ್ರೆ ಮದ್ದೂರಿನ ಅಣ್ಣ ಹೇಳಿದ ತೊಂದರೆಯೇ ನಿಮ್ಮ ಅಮ್ಮನಿಗೂ ಬರಬಹುದು.

ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ಮಂಡ್ಯ

ಎಲ್ಲ ಓದ್ತಾ ಇದ್ದೀನಿ, ಬಹಳ ಉಪಯೋಗ ಆಗ್ತಿದೆ. ನಮ್ಮಜ್ಜಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಬೆನ್ನಿನ ಕೆಳಗೆ ಕೆಂಪಾಗಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅಂತ ಓದಿದ್ದೀನಿ. ಮನೆಯಲ್ಲಿ ರಾತ್ರಿಯೆಲ್ಲ ಯಾರು ಏಳ್ತಾರೆ? ದೊಡ್ಡಮ್ಮ ಕೆಂಪಾದ ಕಡೆ ಎಣ್ಣೆ ಹಾಕಿ ಚೆನ್ನಾಗಿ ತಿಕ್ತಾರೆ, ಪೌಡರ್ ಹಾಕ್ತಾರೆ. ಹೇಗೆ ಬೇಡ ಅನ್ನೋದು?

ನಿವೃತ್ತ ಶುಶ್ರೂಷಕಿ, ಸರಸ್ವತಿಪುರಂ

ಮೊದಲು ಆ ಕೆಂಪನ್ನು ಬೆರಳಲ್ಲಿ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪಾಗಿಯೇ ಇದ್ದರೆ ಹಾಸಿಗೆ ಹುಣ್ಣು ಒಳಗೆ ಆಗಲೇ ಶುರುವಾಗಿದೆ. ಎರಡರಲ್ಲಿ ಯಾವುದೇ ಇದ್ದರೂ ಅಲ್ಲಿ ತಿಕ್ಕಬಾರದು. ಒತ್ತಡದಿಂದ ರಕ್ತ ಹರಿಯದೆ ಸೊರಗಿದ ಚರ್ಮವನ್ನು ತಿಕ್ಕಿದರೆ ಒಳಗೇ ಕಿತ್ತುಹೋಗುತ್ತದೆ. ದೊಡ್ಡಮ್ಮನಿಗೆ ತಿಕ್ಕಬೇಡಿ ಎಂದು ಹೇಳಿ ಸುಮ್ಮನಾಗಬೇಡ, ಅವರ ಕೈಗೆ ಬೇರೆ ಕೆಲಸ ಕೊಡು. ಕೈ, ಭುಜ, ತೊಡೆಗೆ ಎಣ್ಣೆ ಹಚ್ಚಿ ಕೀಲುಗಳನ್ನು ಮೆಲ್ಲಗೆ ಆಡಿಸಲಿ, ಲಕ್ವ ಹೊಡೆದ ಕೈ ಸೆಟೆಯದಂತೆ ಅದು ಬೇಕೇ ಬೇಕು.

ಪೂರ್ತಿ ಮಗ್ಗುಲಿಗೆ ಹೊರಳಿಸಬೇಡಿ, ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ, ಸುಮಾರು 30 ಡಿಗ್ರಿ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಏರ್ ಬೆಡ್ ಬಾಡಿಗೆಗೂ ಸಿಗುತ್ತದೆ, ಒಂದು ತನ್ನಿ. ಅದಿದ್ದರೂ ಹೊರಳಿಸುವುದು ತಪ್ಪದು, ಆದರೆ ರಾತ್ರಿ ಅಂತರ ಸ್ವಲ್ಪ ಹೆಚ್ಚಿಸಬಹುದು. ಮನೆಯವರೆಲ್ಲ ಸರದಿ ಹಾಕಿಕೊಳ್ಳಿ. ಒಬ್ಬಳೇ ಹೆಂಗಸಿನ ಮೇಲೆ ಇಡೀ ರಾತ್ರಿ ಹೊರಿಸಿದರೆ ಮುಂದೆ ಅವಳೇ ಹಾಸಿಗೆ ಹಿಡಿಯುತ್ತಾಳೆ. ಇದನ್ನು ಮನೆಯ ಗಂಡಸರಿಗೆ ನೇರವಾಗಿಯೇ ಹೇಳು. ಮಧ್ಯೆ ತೂತಿರುವ ರಬ್ಬರ್ ರಿಂಗ್ ಬಳಸಬೇಡಿ, ಸುತ್ತಲಿನ ರಕ್ತ ಸಂಚಾರವನ್ನೇ ಅದು ಕಟ್ಟುತ್ತದೆ. ಪೌಡರ್ ಬೆವರಿನಲ್ಲಿ ಉಂಡೆ ಕಟ್ಟಿ ಚರ್ಮ ಕೆರೆಯುತ್ತದೆ.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಲಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ನುಂಗುವಾಗ ಕೆಮ್ಮು ಬಂದರೆ, ದನಿ ಗೊರಗೊರ ಆದರೆ, ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ತಿಳಿದು ಬಾಯಿಂದ ಕೊಡುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಜ್ಜಿಗೆ ಮೂತ್ರದ ಪೈಪ್ ಹಾಕಿದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಹೊರಳಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವವರಿದ್ದಾರೆ, ಆಗ ಮೂತ್ರ ವಾಪಸ್ ಒಳಗೆ ಹರಿದು ಸೋಂಕಾಗುತ್ತದೆ.

ಪಾಂಡವಪುರದ ಸೊಸೆ

ಮನೆಗೆ ಬಂದ್ವಿ. ಅತ್ತೆಯನ್ನ ಡ್ರೆಸ್ಸಿಂಗ್ ರೂಮಿಗೆ ಕರ್ಕೊಂಡು ಹೋಗಿದ್ದೆ. ಸಿಸ್ಟರ್ ಅವರಿಗೇ ಗಾಯ ತೋರಿಸಿ, "ಅಮ್ಮಾ, ಇಲ್ಲಿ ಕೆಂಪಗೆ ಹೊಸ ಮಾಂಸ ಬರಬೇಕು, ಅದಕ್ಕೆ ನೀವು ಬೇಳೆ ಮೊಟ್ಟೆ ಕೊಡಬೇಕು" ಅಂದ್ರು. ಕ್ರಿಯಾಟಿನೈನ್ ಸರಿ ಇದೆಯಂತೆ. ಇವತ್ತು ಅತ್ತೆಯೇ ಹೆಸರುಕಾಳು ಬಸ್ಸಾರು ಮಾಡಿದ್ರು. ಮೊಟ್ಟೆಗೆ ಇನ್ನೂ ಒಪ್ಪಿಲ್ಲ. ಬೇಳೆಗೆ ಒಪ್ಪಿದ್ದೇ ಸಾಕು ಸದ್ಯಕ್ಕೆ.

ಇನ್ನು ಉಳಿದಿರೋದು ಮೂರು ಪ್ರಶ್ನೆ. ನಮ್ಮನೆ ಫ್ರಿಡ್ಜ್ ಕೆಟ್ಟಿದೆ, ರಿಪೇರಿಗೆ ಹೋಗಿದೆ, ಇನ್ಸುಲಿನ್ ಎಲ್ಲಿಡೋದು? ಗಾಯ ಕೆಡ್ತಿದೆ ಅಂತ ಹೇಗೆ ಗೊತ್ತಾಗೋದು, ಮಾವನಿಗೆ ನೋವೇ ತಿಳಿಯಲ್ವಲ್ಲ? ಬಳಸಿದ ಸೂಜಿ ಎಲ್ಲಿ ಬಿಸಾಡೋದು?

ವಾರ್ಡ್ ಸಿಸ್ಟರ್, ಮೈಸೂರು

ಬಳಸ್ತಿರೋ ಬಾಟ್ಲಿ ಬಿಸಿಲು, ಒಲೆಯಿಂದ ದೂರ, ತಣ್ಣಗಿರೋ ಕಡೆ ಇದ್ರೆ ಸುಮಾರು ನಾಲ್ಕು ವಾರ ಕೆಡಲ್ಲ. ತೆರೆದ ತಾರೀಕನ್ನ ಲೇಬಲ್ ಮೇಲೆ ಬರೆದಿಡಿ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ತಳಕ್ಕೆ ಒದ್ದೆ ಮರಳು ಹಾಕಿ, ಬಾಟ್ಲಿಯನ್ನ ನೀರು ಹೋಗದ ಡಬ್ಬಿಯಲ್ಲಿಟ್ಟು ಅದರೊಳಗಿಡಿ, ಮಡಕೆ ನೆರಳಲ್ಲಿರಲಿ. ಹೊಸ ಬಾಟ್ಲಿಗಳು ಮಾತ್ರ ಫ್ರಿಡ್ಜಿನಲ್ಲೇ ಇರಬೇಕು, 2ರಿಂದ 8 ಡಿಗ್ರಿ, ಅಲ್ಲೀವರೆಗೆ ಪಕ್ಕದ ಮನೆಯಲ್ಲಿಡಿ. ಐಸ್ ಖಾನೆಯಲ್ಲಿ ಯಾವತ್ತೂ ಬೇಡ, ಒಂದು ಸಲ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬರಲ್ಲ.

ಗಾಯವನ್ನ ಕಣ್ಣು, ಮೂಗಿನಿಂದ ನೋಡಬೇಕು, ನೋವನ್ನ ನಂಬೋ ಹಾಗಿಲ್ಲ. ವಾಸನೆ, ಕೀವು, ಸುತ್ತ ಕೆಂಪು ಹರಡೋದು, ಪಾದ ಊದೋದು, ಅಂಚು ಕಪ್ಪಾಗೋದು, ಜ್ವರ ಚಳಿ. ಏನೂ ಜಾಸ್ತಿ ತಿನ್ನದೆ ಸಕ್ಕರೆ ದಿಢೀರ್ ಏರಿದ್ರೂ ಒಳಗೆ ಸೋಂಕಿದೆ ಅಂತ ಅನುಮಾನಪಡಿ. ಇದರಲ್ಲಿ ಒಂದು ಕಂಡರೂ ಅವತ್ತೇ ಬನ್ನಿ. ಅರಿಶಿನ, ಕಾಫಿಪುಡಿ, ಸ್ಪಿರಿಟ್ ಏನೂ ಗಾಯಕ್ಕೆ ಬೇಡ, ಸಲೈನ್‌ನಲ್ಲಿ ತೊಳೆದು ಅವರು ಬರೆದ ಡ್ರೆಸ್ಸಿಂಗ್ ಅಷ್ಟೇ. ಆ ಕಾಲಿನ ಮೇಲೆ ಭಾರ ಬಿಡಬಾರದು. ಎಷ್ಟು ಒಳ್ಳೆ ಔಷಧಿ ಹಾಕಿದ್ರೂ ಅದೇ ಪಾದ ಊರಿ ಹಟ್ಟಿ ತುಂಬ ಓಡಾಡಿದ್ರೆ ಗಾಯ ಕೂಡಲ್ಲ.

ಆಶಾ, ಮಳವಳ್ಳಿ ತಾಲ್ಲೂಕು

ಸೂಜಿ ವಿಷಯ ನಾನು ಹೇಳ್ತೀನಿ ಅಕ್ಕ. ನಮ್ಮ ಕಡೆ ಸೂಜಿನ ಕಸದ ಜೊತೆ ತಿಪ್ಪೆಗೆ ಹಾಕ್ತಾರೆ. ತಿಪ್ಪೆ ಗೊಬ್ಬರ ಗದ್ದೆಗೆ ಹೋಗ್ತದೆ, ಆ ಗದ್ದೆ ತುಳಿಯೋದು ಬರಿಗಾಲು. ನಿಮ್ಮ ಮಾವಂದೇ ಸೂಜಿ ಇನ್ನೊಬ್ಬರ ಕಾಲಿಗೆ ಚುಚ್ಚಬಾರದಲ್ವಾ. ಗಟ್ಟಿ ಪ್ಲಾಸ್ಟಿಕ್ ಡಬ್ಬ, ಫಿನಾಯಿಲ್ ಕ್ಯಾನ್ ಅಂಥದ್ದು ಒಂದು ಇಟ್ಕೊಳ್ಳಿ. ಸೂಜಿ ಬಳಸಿದ ತಕ್ಷಣ ಅದಕ್ಕೆ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪ್ ಸುತ್ತಿ ಪಿಹೆಚ್‌ಸಿಗೆ ತಗೊಂಡು ಹೋಗಿ, ಆಸ್ಪತ್ರೆ ಸೂಜಿ ಜೊತೆ ಸೇರಿಸಿ ಕಳಿಸ್ತೀರಾ ಅಂತ ಅಲ್ಲಿ ಸಿಸ್ಟರನ್ನ ಕೇಳಿ. ನಮ್ಮ ಪಿಹೆಚ್‌ಸಿಯಲ್ಲಿ ತಗೊಳ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಮಾವನ ವಿಷಯ ತಿಳಿಸಿಡಿ, ಮನೆ ಭೇಟಿಗೆ ಬಂದಾಗ ಕಾಲು ನೋಡ್ತಾರೆ.

ಪಾಂಡವಪುರದ ಸೊಸೆ

ಫಿನಾಯಿಲ್ ಕ್ಯಾನ್ ತೊಳೆದು ಇಟ್ಟಿದ್ದೀನಿ ಅಕ್ಕ. ಡ್ರೆಸ್ಸಿಂಗಿಗೆ ಹೋದಾಗ ಪಿಹೆಚ್‌ಸಿಯಲ್ಲಿ ಕೇಳ್ತೀನಿ.